ಸೇನೆಯ ಔಷಧ ಉಗ್ರಾಣ: ಉಳಿತಾಯದ ಲೆಕ್ಕ ಎಷ್ಟು ಸರಿ?

ರಾಯಚೂರಿನ ಕಡೆ ನಡೆದ ವಿಜ್ಞಾನ ಶಿಕ್ಷಕರ ಶಿಬಿರವೊಂದರಲ್ಲಿ ಊಟದ ಹೊತ್ತಿಗೆ ಹೈಸ್ಕೂಲು ಮೇಷ್ಟ್ರೊಬ್ಬರು ಪಕ್ಕಕ್ಕೆ ಬಂದು ಕುಳಿತರು. ಮೊಬೈಲಿನಲ್ಲಿ ಬಂದಿದ್ದ ಸುದ್ದಿಯೊಂದನ್ನು ತೋರಿಸಿ, "ಸರ್, ಎಕ್ಸ್‌ಪೈರಿ ಡೇಟು ಅನ್ನೋದು ಬರೇ ಕಂಪನಿ ಆಟ ಅಂತ್ರಿ. ಅಮೆರಿಕಾದ ಮಿಲಿಟರಿಯವ್ರೇ ಟೆಸ್ಟ್ ಮಾಡಿ ತೋರಿಸ್ಯಾರಂತ. ನಾವು ಸುಮ್ನ ಮಾತ್ರೆ ಚೆಲ್ಲಾಕತ್ತೀವಿ" ಎಂದರು. ಅವರ ಶಾಲೆಯ ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಔಷಧಗಳನ್ನು ಹಿಂದಿನ ತಿಂಗಳಷ್ಟೇ ಎಸೆಯಲಾಗಿತ್ತಂತೆ. ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಜವೂ ಅಲ್ಲ ಎಂದು ಅಂದು ಹೇಳಿದೆ. ಊಟದ ಎಲೆಯ ಮುಂದೆ ಅದನ್ನು ವಿವರಿಸಲು ಆಗಲಿಲ್ಲ. ಈ ಲೇಖನ ಆ ಬಾಕಿಯನ್ನು ತೀರಿಸುವ ಪ್ರಯತ್ನ.

ಮೇಷ್ಟ್ರು ಹೇಳಿದ ಸುದ್ದಿಯ ಮೂಲ ಎರಡು. ಒಂದು, 2000ದ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಬಂದ ವರದಿ. ಇನ್ನೊಂದು, 2006ರಲ್ಲಿ ಔಷಧ ವಿಜ್ಞಾನದ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು ಪ್ರಕಟಿಸಿದ ಪ್ರಬಂಧ. ಎರಡೂ ಹೇಳುವುದು ಒಂದೇ ಕಾರ್ಯಕ್ರಮದ ಬಗ್ಗೆ. ಸೇನೆಯ ಔಷಧ ಪೂರೈಕೆ ಸರಪಳಿಯನ್ನು ಹಿಡಿತದಲ್ಲಿಟ್ಟು ಖರ್ಚು ಇಳಿಸಿದ ಉದಾಹರಣೆಯಾಗಿ ಆ ಕಾರ್ಯಕ್ರಮವನ್ನು ಆಡಳಿತ ತಜ್ಞರು ಈಗಲೂ ಹೊಗಳುತ್ತಾರೆ. ಹೊಗಳಿಕೆಗೆ ಅದು ಯೋಗ್ಯವೇ. ಆದರೆ ಎಷ್ಟರ ಮಟ್ಟಿಗೆ ಎಂಬುದನ್ನು ಅಳೆದು ನೋಡಬೇಕು.

ಮೊದಲು ಸೇನೆಯ ತೊಂದರೆ ಏನೆಂದು ತಿಳಿಯೋಣ. ನಿಮ್ಮೂರಿನ ಆಸ್ಪತ್ರೆಗೆ ಇಂದು ಬಂದ ಮಾತ್ರೆ ಮುಂದಿನ ತಿಂಗಳು ಖಾಲಿಯಾಗುತ್ತದೆ. ಹಳೆಯದು ಮುಂದೆ, ಹೊಸದು ಹಿಂದೆ ಇಟ್ಟರೆ ಸಾಕು, ಅವಧಿ ಮೀರುವ ಪ್ರಶ್ನೆ ಹೆಚ್ಚು ಏಳುವುದಿಲ್ಲ. ಸೇನೆಯ ಯುದ್ಧಕಾಲದ ದಾಸ್ತಾನು ಹಾಗಲ್ಲ. ಅದು ಬಳಕೆಯಾಗದೆ ಉಳಿಯಲಿ ಎಂದೇ ಎಲ್ಲರೂ ಹಾರೈಸುವ ದಾಸ್ತಾನು. ನರವಿಷ ಅನಿಲದ ದಾಳಿಗೆ ಪ್ರತಿವಿಷವಾಗಿ ಸೈನಿಕ ತಾನೇ ತೊಡೆಗೆ ಚುಚ್ಚಿಕೊಳ್ಳುವ ಅಟ್ರೋಪಿನ್ ಮತ್ತು ಪ್ರಾಲಿಡಾಕ್ಸಿಮ್ ಸಿರಿಂಜನ್ನೇ ತೆಗೆದುಕೊಳ್ಳಿ. ಶಾಂತಿಕಾಲದಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಬಳಕೆಯಿಲ್ಲ. ಬೇಕಾದ ದಿನ ಮಾತ್ರ ಲಕ್ಷಗಟ್ಟಲೆ ಬೇಕು, ಅದೂ ಅದೇ ಗಂಟೆಗೆ. ಹೀಗಾಗಿ ಕೊಳ್ಳುವುದು, ಇಡುವುದು, ದಿನಾಂಕ ಮುಗಿದೊಡನೆ ಸುಡುವುದು, ಮತ್ತೆ ಕೊಳ್ಳುವುದು ಎಂಬ ಚಕ್ರ ಸುತ್ತುತ್ತಲೇ ಇತ್ತು.

1985ರಲ್ಲಿ ಅಮೆರಿಕದ ವಾಯುಸೇನೆ ಈ ಚಕ್ರದಿಂದ ಬೇಸತ್ತು ಔಷಧ ಆಡಳಿತವನ್ನು ಕೇಳಿತು: ದಿನಾಂಕ ಮುಗಿದ ಈ ಔಷಧಗಳು ನಿಜವಾಗಿಯೂ ಕೆಟ್ಟಿವೆಯೇ, ಪರೀಕ್ಷಿಸಿ ಹೇಳುವಿರಾ? 1986ರಲ್ಲಿ ಅದೇ ಒಂದು ಕಾಯಂ ಕಾರ್ಯಕ್ರಮವಾಯಿತು. ಸೇನೆ ದೊಡ್ಡ ಪ್ರಮಾಣದಲ್ಲಿರುವ, ಬೆಲೆಬಾಳುವ ಬ್ಯಾಚುಗಳನ್ನು ಆರಿಸಿ ಮಾದರಿಗಳನ್ನು ಕಳಿಸುತ್ತದೆ. ಪ್ರಯೋಗಾಲಯದಲ್ಲಿ ಔಷಧದ ಸತ್ವ, ಆಮ್ಲೀಯತೆ, ನೀರಿನ ಅಂಶ, ಮಾತ್ರೆ ಕರಗುವ ವೇಗ, ಕಲ್ಮಶ, ಬಣ್ಣ ಎಲ್ಲವನ್ನೂ ನೋಡುತ್ತಾರೆ. ಬ್ಯಾಚು ತೇರ್ಗಡೆಯಾದರೆ ಅವಧಿ ವಿಸ್ತರಣೆ ಸಿಗುತ್ತದೆ. ಆ ಅವಧಿ ಮುಗಿದಾಗ ಮತ್ತೆ ಪರೀಕ್ಷೆ.

2006ರ ಪ್ರಬಂಧ ಇಂಥ 122 ಔಷಧಗಳ 3,005 ಬ್ಯಾಚುಗಳ ಫಲಿತಾಂಶವನ್ನು ಕೊಡುತ್ತದೆ. ಶೇಕಡಾ 88 ಬ್ಯಾಚುಗಳಿಗೆ ಮೂಲ ದಿನಾಂಕದ ಆಚೆಗೆ ಕನಿಷ್ಠ ಒಂದು ವರ್ಷದ ವಿಸ್ತರಣೆ ಸಿಕ್ಕಿತು. ವಿಸ್ತರಣೆಯ ಸರಾಸರಿ 66 ತಿಂಗಳು, ಅಂದರೆ ಐದೂವರೆ ವರ್ಷ. ಬೆರಗಾಗುವ ಅಂಕಿಗಳೇ ಸರಿ. (ಲೇಖಕರ ಪಟ್ಟಿಯಲ್ಲಿ ಹುಲ್ಲಹಳ್ಳಿ ಆರ್. ಪ್ರಸನ್ನ ಎಂಬ ಹೆಸರು ಕಂಡಾಗ ಕನ್ನಡಿಗನಾದ ನನ್ನ ಕಿವಿ ನೆಟ್ಟಗಾದುದನ್ನು ಮುಚ್ಚಿಡಲಾರೆ.) ಪ್ರಬಂಧ ಪ್ರಾಮಾಣಿಕವಾಗಿದೆ. ಬ್ಯಾಚಿನಿಂದ ಬ್ಯಾಚಿಗೆ ವ್ಯತ್ಯಾಸ ಬಹಳವಿರುವುದರಿಂದ ಪ್ರತಿ ಬ್ಯಾಚನ್ನೂ ಕಾಲಕಾಲಕ್ಕೆ ಪರೀಕ್ಷಿಸಿಯೇ ತೀರ್ಮಾನಿಸಬೇಕು ಎಂದು ಅದರ ಲೇಖಕರೇ ಬರೆದಿದ್ದಾರೆ. ಮೇಷ್ಟ್ರ ಮೊಬೈಲಿಗೆ ಬಂದ ಸುದ್ದಿಯಲ್ಲಿ ಈ ಒಂದು ವಾಕ್ಯ ಮಾತ್ರ ಇರಲಿಲ್ಲ.

ಈಗ ನಮ್ಮ ವಿಷಯಕ್ಕೆ, ಅಂದರೆ ಭೌತವಿಜ್ಞಾನಕ್ಕೆ ಬರೋಣ. ಎಕ್ಸ್‌ಪೈರಿ ದಿನಾಂಕ ಎಂದರೇನು? ಆ ದಿನ ರಾತ್ರಿ ಹನ್ನೆರಡಕ್ಕೆ ಮಾತ್ರೆ ಸಾಯುತ್ತದೆ ಎಂದಲ್ಲ. ಹೇಳಿದ ರೀತಿಯಲ್ಲಿ ಇಟ್ಟರೆ, ಹೇಳಿದಷ್ಟು ಸತ್ವ (ಸಾಮಾನ್ಯವಾಗಿ ಶೇಕಡಾ 90ಕ್ಕಿಂತ ಹೆಚ್ಚು) ಅಲ್ಲಿಯವರೆಗೆ ಖಂಡಿತ ಇರುತ್ತದೆ ಎಂದು ತಯಾರಕ ಕೊಡುವ ಭರವಸೆ ಅದು. ಎರಡು ವರ್ಷ ಪರೀಕ್ಷಿಸಿದವನು ಎರಡು ವರ್ಷದ ಭರವಸೆ ಕೊಡುತ್ತಾನೆ. ಹತ್ತು ವರ್ಷ ಕಾದು ಪರೀಕ್ಷಿಸಿ ಆಮೇಲೆ ಮಾರಾಟ ಮಾಡಲು ಯಾವ ಕಂಪನಿಗೂ ಪುರುಸೊತ್ತಿಲ್ಲ, ಆಸಕ್ತಿಯೂ ಇಲ್ಲ. ಅಂದರೆ ದಿನಾಂಕವು ಔಷಧದ ಆಯುಷ್ಯವಲ್ಲ, ನಮ್ಮ ತಿಳಿವಳಿಕೆಯ ಎಲ್ಲೆ. ಸೇನೆಯ ಕಾರ್ಯಕ್ರಮ ಆ ಎಲ್ಲೆಯನ್ನು ದುಡ್ಡು ಕೊಟ್ಟು ಮುಂದೆ ಸರಿಸಿತು. ಇದರಲ್ಲಿ ಕಂಪನಿಯ ಆಟ ಇಲ್ಲವೆನ್ನಲಾರೆ. ಆದರೆ ಇಡೀ ಕಥೆ ಅದೇ ಅಲ್ಲ.

ಔಷಧದ ಅಣುಗಳು ಜಲವಿಭಜನೆಯಿಂದಲೋ ಉತ್ಕರ್ಷಣದಿಂದಲೋ ಒಡೆಯುತ್ತವೆ. ಒಡೆಯುವ ದರವು ತಾಪದೊಂದಿಗೆ ಹೇಗೆ ಏರುತ್ತದೆ ಎಂಬುದನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಸೂತ್ರಕ್ಕಿಳಿಸಿದರು. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಅದು ಗೊತ್ತು. ಸಕ್ರಿಯಣ ಶಕ್ತಿಯನ್ನು ಅನಿಲ ಸ್ಥಿರಾಂಕ ಮತ್ತು ನಿರಪೇಕ್ಷ ತಾಪಗಳ ಗುಣಲಬ್ಧದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಋಣ ಘಾತಾಂಕವಾಗಿ ಇಡುವುದು. ಸಕ್ರಿಯಣ ಶಕ್ತಿ ಮೋಲಿಗೆ 83 ಕಿಲೋಜೂಲ್ ಎಂದುಕೊಳ್ಳಿ. ಔಷಧಗಳ ಮಟ್ಟಿಗೆ ಇದು ಎಲ್ಲರೂ ಬಳಸುವ ಅಂದಾಜು. ಲೆಕ್ಕ ಹಾಕಿದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ದರಕ್ಕಿಂತ 35 ಡಿಗ್ರಿಯಲ್ಲಿ ದರ ಸುಮಾರು ಮೂರು ಪಟ್ಟು, 45 ಡಿಗ್ರಿಯಲ್ಲಿ ಎಂಟು ಪಟ್ಟಿಗೂ ಹೆಚ್ಚು. ತಂಪು ಗೋದಾಮಿನಲ್ಲಿ ಐದು ವರ್ಷ ಶೇಕಡಾ 90 ಸತ್ವ ಉಳಿಸಿಕೊಳ್ಳುವ ಮಾತ್ರೆ 35 ಡಿಗ್ರಿಯಲ್ಲಿ ಇಪ್ಪತ್ತು ತಿಂಗಳಿಗೆ, 45ರಲ್ಲಿ ಏಳೆಂಟು ತಿಂಗಳಿಗೆ ಆ ಗಡಿ ಮುಟ್ಟುತ್ತದೆ.

ಈ ಹಿನ್ನೆಲೆಯಲ್ಲಿ ಪ್ರಬಂಧದ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಮೊದಲನೆಯ ಆಕ್ಷೇಪ ಮಾದರಿಯ ಆಯ್ಕೆಯದು. ಸೇನೆ ಪರೀಕ್ಷೆಗೆ ಕಳಿಸಿದ್ದು ಮೂಲ ಡಬ್ಬಿಯಲ್ಲಿ, ಮುಚ್ಚಳ ತೆರೆಯದೆ, ನಿಯಂತ್ರಿತ ತಾಪದಲ್ಲಿ ಇಟ್ಟ ದಾಸ್ತಾನನ್ನು. ಉಳಿಯುವ ಭರವಸೆಯಿಲ್ಲದ ಔಷಧಕ್ಕೆ ಪರೀಕ್ಷೆಯ ಖರ್ಚು ಮಾಡುವವರು ಯಾರು? ಹೀಗಾಗಿ 122 ಔಷಧಗಳ ಪಟ್ಟಿ ಎಲ್ಲ ಔಷಧಗಳ ಪ್ರತಿನಿಧಿಯಲ್ಲ. ತರಗತಿಯ ಮೊದಲ ಬೆಂಚಿನವರನ್ನಷ್ಟೇ ಪರೀಕ್ಷೆಗೆ ಕೂರಿಸಿ ಶಾಲೆಯ ಫಲಿತಾಂಶ ಶೇಕಡಾ 88 ಎಂದು ಹೇಳಿದ ಹಾಗೆ.

ಇನ್ನು ಆ 88. ಪತ್ರಿಕೆಗಳು ಇದನ್ನು ಗೆಲುವಿನ ಅಂಕಿಯಾಗಿ ಓದಿದವು. ನಾನು ಉಳಿದ 12ನ್ನು ಓದುತ್ತೇನೆ. 3,005ರಲ್ಲಿ ಶೇಕಡಾ 12 ಎಂದರೆ ಸುಮಾರು 360 ಬ್ಯಾಚು. ಎಂಟರಲ್ಲಿ ಒಂದು. ಯಾವ ಒಂದು ಎಂಬುದು ಪರೀಕ್ಷಿಸದೆ ಗೊತ್ತಾಗುವುದಿಲ್ಲ. ಒಬ್ಬ ವೈದ್ಯಕೀಯ ಸಿಪಾಯಿಯ ಚೀಲದಲ್ಲಿ ಐದು ಬಗೆಯ ಔಷಧಗಳಿವೆ, ಐದನ್ನೂ ಪರೀಕ್ಷೆಯಿಲ್ಲದೆ ಬರೀ ಸರಾಸರಿಯನ್ನು ನಂಬಿ ಒಂದು ವರ್ಷ ಹೆಚ್ಚಿಗೆ ಇಟ್ಟುಕೊಂಡಿದ್ದಾರೆ ಎಂದುಕೊಳ್ಳಿ. ಐದೂ ತೇರ್ಗಡೆಯಾಗುವಂಥವೇ ಆಗಿರುವ ಸಂಭಾವ್ಯತೆ ಎಷ್ಟು? 0.88ನ್ನು ಐದು ಸಲ ಗುಣಿಸಿ. 0.53 ಬರುತ್ತದೆ. ಹೆಚ್ಚುಕಡಿಮೆ ಎರಡು ಚೀಲಕ್ಕೊಂದರಲ್ಲಿ ಯಾವುದೋ ಒಂದು ಔಷಧ ಅನುಮಾನದ್ದು. ತೇರ್ಗಡೆಯಾಗದ ಔಷಧವೆಲ್ಲ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಶೇಕಡಾ 88 ಸತ್ವವಿರುವ ನೋವಿನ ಮಾತ್ರೆ ನೋವನ್ನು ಕಡಿಮೆ ಮಾಡಿಯೇ ಮಾಡುತ್ತದೆ. ಆದರೆ ಮಾತ್ರೆ ಕರಗದೇ ಹೋದರೆ, ಪ್ರತಿವಿಷದ ಸೂಜಿ ಕೈಕೊಟ್ಟರೆ, ಮತ್ತೊಂದು ಅವಕಾಶ ಇರುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ಇನ್ನೊಂದು ದಿಕ್ಕಿನಲ್ಲೂ ಇದೆ. 66 ತಿಂಗಳೆಂಬುದು ಔಷಧಗಳ ಆಯುಷ್ಯವಲ್ಲ. ದಾಸ್ತಾನು ಖರ್ಚಾಗಿಹೋದರೆ ಆ ಬ್ಯಾಚಿನ ಪರೀಕ್ಷೆಯೂ ಅಲ್ಲಿಗೇ ನಿಲ್ಲುತ್ತದೆ, ಔಷಧ ಇನ್ನೂ ಎಷ್ಟು ವರ್ಷ ಬಾಳುತ್ತಿತ್ತೋ ತಿಳಿಯುವುದಿಲ್ಲ. ಬಲ್ಬು ಎಷ್ಟು ಗಂಟೆ ಉರಿಯುತ್ತದೆ ಎಂದು ಪ್ರಯೋಗ ಮಾಡುವಾಗ, ಉರಿಯುತ್ತಿದ್ದ ಬಲ್ಬನ್ನೇ ಮಧ್ಯದಲ್ಲಿ ಕಿತ್ತುಕೊಂಡು ಹೋದ ಹಾಗೆ. ಅಂಥ ಅಂಕಿಗಳ ಸರಾಸರಿ ನಿಜವಾದ ಆಯುಷ್ಯಕ್ಕಿಂತ ಕಡಿಮೆಯಿರುತ್ತದೆ. ಆಯ್ಕೆಯ ದೋಷ ಅಂಕಿಯನ್ನು ಮೇಲಕ್ಕೆಳೆದರೆ ಇದು ಕೆಳಕ್ಕೆಳೆಯುತ್ತದೆ. ಎರಡೂ ಒಂದನ್ನೊಂದು ಸರಿದೂಗಿಸುತ್ತವೆ ಎಂದುಕೊಳ್ಳುವ ಸೋಮಾರಿತನ ಮಾತ್ರ ಬೇಡ. ಪೂರ್ಣ ದತ್ತಾಂಶ ಸಿಕ್ಕಿದ್ದರೆ ಇದನ್ನು ಬಿಡಿಸಬಹುದಿತ್ತು. ಆದರೆ ಕಾರ್ಯಕ್ರಮದ ವಿವರವಾದ ದತ್ತಾಂಶ ಸಾರ್ವಜನಿಕರಿಗೆ ತೆರೆದಿಲ್ಲ. ಅಮೆರಿಕದ ರಾಜ್ಯ ಸರ್ಕಾರಗಳು ತಮ್ಮ ದುಡ್ಡಿನಲ್ಲಿ ಕೊಂಡಿಟ್ಟ ದಾಸ್ತಾನನ್ನೂ ಈ ಕಾರ್ಯಕ್ರಮದೊಳಕ್ಕೆ ಬಿಟ್ಟುಕೊಂಡಿರಲಿಲ್ಲ. ಜನರ ಹಣದಲ್ಲಿ ಪಡೆದ ಜ್ಞಾನ ಬೀರುವಿನಲ್ಲಿ ಉಳಿದಿರುವುದು ನನ್ನ ಮಟ್ಟಿಗೆ ಈ ಕಾರ್ಯಕ್ರಮದ ದೊಡ್ಡ ಲೋಪ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಸರಪಳಿ ಗೋದಾಮಿನಲ್ಲಿ ಮುಗಿಯುವುದಿಲ್ಲ. ಅಲ್ಲಿಂದ ಲಾರಿ, ಬಂದರು, ತಗಡಿನ ಕಂಟೇನರು, ಡೇರೆ, ಕಡೆಗೆ ಸೈನಿಕನ ಜೇಬು. ಮರುಭೂಮಿಯ ಬಿಸಿಲಿನಲ್ಲಿ ಮುಚ್ಚಿದ ವಾಹನದೊಳಗಿನ ತಾಪ ಹೊರಗಿನದಕ್ಕಿಂತ ಎಷ್ಟೋ ಹೆಚ್ಚು. ಇಲ್ಲಿ ಸಾಮಾನ್ಯ ಸರಾಸರಿ ಮೋಸ ಮಾಡುತ್ತದೆ. ಉದಾಹರಣೆಗೆ ಔಷಧವೊಂದು ಆರು ತಿಂಗಳು 20 ಡಿಗ್ರಿಯಲ್ಲಿ, ಆರು ತಿಂಗಳು 40 ಡಿಗ್ರಿಯಲ್ಲಿ ಇತ್ತು. ವರ್ಷದ ಸರಾಸರಿ 30 ಡಿಗ್ರಿ, ಪರವಾಗಿಲ್ಲ ಎನ್ನುತ್ತದೆ ರಿಜಿಸ್ಟರು. ಆದರೆ ದರವು ಘಾತೀಯವಾಗಿ ಏರುವುದರಿಂದ ಬಿಸಿಯ ಆರು ತಿಂಗಳು ಮಾಡಿದ ಹಾನಿಯನ್ನು ತಂಪಿನ ಆರು ತಿಂಗಳು ಅಳಿಸಲಾರದು. ಎರಡೂ ತಾಪಗಳಲ್ಲಿನ ದರಗಳ ಸರಾಸರಿ ತೆಗೆದು, ಆ ದರಕ್ಕೆ ಸಮನಾದ ತಾಪ ಯಾವುದೆಂದು ಹಿಂದಕ್ಕೆ ಲೆಕ್ಕ ಹಾಕಿದರೆ 34 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಇದಕ್ಕೆ ಸರಾಸರಿ ಚಲನ ತಾಪ ಎಂದು ಹೆಸರು. 1971ರಲ್ಲಿ ಹೇಯ್ನ್ಸ್ ಎಂಬುವರು ಔಷಧ ದಾಸ್ತಾನಿಗೆಂದೇ ಈ ಪರಿಕಲ್ಪನೆಯನ್ನು ಕೊಟ್ಟರು. ಗೋಡೆಯ ಥರ್ಮಾಮೀಟರು 30ನ್ನು ನೆನಪಿಟ್ಟುಕೊಂಡರೆ ಮಾತ್ರೆ 34ನ್ನು ನೆನಪಿಟ್ಟುಕೊಳ್ಳುತ್ತದೆ ಎನ್ನಬಹುದು.

ಹಾಗಾದರೆ ತಂಪಾದಷ್ಟೂ ಒಳ್ಳೆಯದೇ? ಅದೂ ಇಲ್ಲ. ನಮ್ಮ ಸೇನೆ ಒಂದೇ ಕಾಲದಲ್ಲಿ ರಾಜಸ್ಥಾನದ ಮರಳಿನಲ್ಲೂ ಸಿಯಾಚಿನ್ ಹಿಮನದಿಯ ಮೇಲೂ ಇರಬೇಕಾದ ಸೇನೆ. ಇನ್ಸುಲಿನ್ ಹೆಪ್ಪುಗಟ್ಟಿದರೆ ಹಾಳು. ಅಲ್ಯೂಮಿನಿಯಮ್ ಲವಣ ಬೆರೆಸಿದ ಲಸಿಕೆಗಳೂ ಹಾಗೆಯೇ. ಕರಗಿಸಿ ಮತ್ತೆ ದ್ರವ ಮಾಡಿದರೆ ಮೊದಲಿನ ಗುಣ ಬರುವುದಿಲ್ಲ. ಅರ್ಹೇನಿಯಸ್ ಸೂತ್ರಕ್ಕೆ ಈ ಹಠಾತ್ ಪ್ರಾವಸ್ಥಾ ಬದಲಾವಣೆ ಕಾಣುವುದೇ ಇಲ್ಲ. ಸೂತ್ರಕ್ಕೆ ಕಾಣದ ಇನ್ನೊಂದಿದೆ: ಒಡೆದ ಅಣು ಸುಮ್ಮನಿರುತ್ತದೆಂಬ ಖಾತರಿಯಿಲ್ಲ. ಕೆಟ್ಟ ಟೆಟ್ರಾಸೈಕ್ಲಿನ್ ಸೇವನೆಯಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು 1963ರಲ್ಲಿಯೇ ವರದಿಯಾಗಿವೆ. ಅದು ಹಳೆಯ ತಯಾರಿಕಾ ವಿಧಾನದ ಔಷಧ ಎಂಬುದು ನಿಜ. ಆದರೂ "ಹೆಚ್ಚೆಂದರೆ ಕೆಲಸ ಮಾಡುವುದಿಲ್ಲ, ಅಷ್ಟೇ ತಾನೇ" ಎನ್ನುವವರಿಗೆ ಇದನ್ನು ಹೇಳಬೇಕಾಗುತ್ತದೆ.

ಈಗ ದುಡ್ಡಿನ ಮಾತು. 1993ರಿಂದ 1998ರವರೆಗೆ ಪರೀಕ್ಷೆಗೆ ಸುಮಾರು 39 ಲಕ್ಷ ಡಾಲರ್ ಖರ್ಚಾಗಿ 26 ಕೋಟಿ 34 ಲಕ್ಷ ಡಾಲರ್ ಉಳಿಯಿತೆಂದು ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿತ್ತು. ಒಂದು ಡಾಲರಿಗೆ 67 ಡಾಲರ್ ಲಾಭ! ಈ ಅನುಪಾತ ಎಲ್ಲಿಂದ ಬಂತು? ಅವಧಿ ವಿಸ್ತರಣೆ ಸಿಗದಿದ್ದರೆ ಆ ದಾಸ್ತಾನನ್ನೆಲ್ಲ ಪೂರ್ಣ ಬೆಲೆ ಕೊಟ್ಟು ಹೊಸದಾಗಿ ಕೊಳ್ಳಬೇಕಾಗಿತ್ತು ಎಂಬ ಊಹೆಯಿಂದ. ನಾಲ್ಕು ಮೂಟೆ ಅಕ್ಕಿ ಸಾಕಾಗುವ ಮನೆಯಲ್ಲಿ ಹತ್ತು ಮೂಟೆ ತಂದಿಟ್ಟು, ಬೇವಿನ ಸೊಪ್ಪು ಹಾಕಿ ಹುಳ ಹಿಡಿಯದಂತೆ ಕಾಪಾಡಿ, "ಆರು ಮೂಟೆಯ ದುಡ್ಡು ಉಳಿಸಿದೆ" ಎನ್ನುವ ಯಜಮಾನನ ಲೆಕ್ಕ ಇದು. ಬೇವಿನ ಸೊಪ್ಪು ಒಳ್ಳೆಯದೇ. ಆದರೆ ಆರು ಮೂಟೆ ಯಾಕೆ ಬೇಕಿತ್ತು ಎಂದು ಮನೆಯಾಕೆ ಕೇಳಿದರೆ ಉತ್ತರ ಬೇಕಲ್ಲ? ಉಳಿತಾಯವನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೇವೆ ಎಂಬುದೇ ಇಲ್ಲಿ ನಿರ್ಣಾಯಕ. ದಾಸ್ತಾನು ಎಷ್ಟು ಅತಿಯಾಗಿರುತ್ತದೋ ಅಷ್ಟು ದೊಡ್ಡ ಉಳಿತಾಯವನ್ನು ಈ ವಿಧಾನ ತೋರಿಸುತ್ತದೆ!

ಎಷ್ಟು ದಾಸ್ತಾನು ಬೇಕು ಎಂಬುದು ಸಂಖ್ಯಾಶಾಸ್ತ್ರದ ಪ್ರಶ್ನೆ. ಗೈಗರ್ ಗಣಕದಲ್ಲಿ ವಿಕಿರಣ ಕಣಗಳನ್ನು ಎಣಿಸಿದವರಿಗೆ ಗೊತ್ತು, ಸರಾಸರಿ ಎಣಿಕೆ 100 ಇದ್ದರೆ ಏರಿಳಿತ ಅದರ ವರ್ಗಮೂಲ, ಅಂದರೆ 10ರ ಆಸುಪಾಸು. ಆಸ್ಪತ್ರೆಯ ಬೇಡಿಕೆಯೂ ಹೀಗೇ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಸರಾಸರಿ 100 ಬಾಟಲಿ ಬೇಕಾದ ಆಸ್ಪತ್ರೆ ಸುರಕ್ಷತೆಗೆ ಏರಿಳಿತದ ಎರಡು ಪಟ್ಟು ಸೇರಿಸಿ 120 ಇಡುತ್ತದೆ. ಇಂಥ 16 ಆಸ್ಪತ್ರೆಗಳು ಬೇರೆ ಬೇರೆಯಾಗಿ ಇಟ್ಟರೆ 1,920. ಎಲ್ಲಕ್ಕೂ ಸೇರಿ ಒಂದೇ ಉಗ್ರಾಣವಾದರೆ 1,600ರ ವರ್ಗಮೂಲ 40, ಅದರ ಎರಡು ಪಟ್ಟು 80, ಒಟ್ಟು 1,680 ಸಾಕು. ಸುರಕ್ಷತೆಗೆಂದು ಇಟ್ಟ ಹೆಚ್ಚುವರಿ 320ರಿಂದ 80ಕ್ಕೆ ಇಳಿಯಿತು. ಒಂದು ಮಾತ್ರೆಯನ್ನೂ ಪರೀಕ್ಷಿಸದೆ ಆದ ಉಳಿತಾಯ ಇದು.

ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ 1991ರ ಡಿಸೆಂಬರಿನಲ್ಲಿ ಸೇನೆಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಖಾಸಗಿ ಆಸ್ಪತ್ರೆಗಳಂತೆ ನೀವೂ ದಾಸ್ತಾನು ತಗ್ಗಿಸಿ. ಅದೇ ವರ್ಷ ಮುಗಿದಿದ್ದ ಕೊಲ್ಲಿ ಯುದ್ಧ ಬೇರೊಂದು ಪಾಠ ಹೇಳಿತ್ತು. ಅಲ್ಲಿಗೆ ಕಳಿಸಿದ ಎಲ್ಲ ಬಗೆಯ ಸಾಮಾನಿನ ಸುಮಾರು 40,000 ಕಂಟೇನರುಗಳಲ್ಲಿ ಅರ್ಧದಷ್ಟನ್ನು ಒಳಗೇನಿದೆ ಎಂದು ತಿಳಿಯುವುದಕ್ಕಾಗಿಯೇ ತೆರೆಯಬೇಕಾಯಿತು. ಸಾಮಾನು ಬಂದಿಳಿದಿತ್ತು, ಎಲ್ಲಿದೆ ಎಂಬುದಷ್ಟೇ ಗೊತ್ತಿರಲಿಲ್ಲ. ಬರಲಿಲ್ಲವೆಂದುಕೊಂಡು ಜನ ಮತ್ತೆ ಮತ್ತೆ ಅದನ್ನೇ ಕೇಳಿ ಬರೆದರು, ರಾಶಿ ಇನ್ನೂ ಬೆಳೆಯಿತು. ಆಮೇಲೆ 1993ರಿಂದ ಸೇನಾ ಆಸ್ಪತ್ರೆಗಳು ದೊಡ್ಡ ಸಗಟು ವ್ಯಾಪಾರಿಗಳಿಂದಲೇ ನೇರವಾಗಿ ತರಿಸಿಕೊಳ್ಳುವ ವ್ಯವಸ್ಥೆ ಬಂತು. ಸೇನೆಯ ಗೋದಾಮುಗಳು ಕರಗಿದವು.

ಆದರೆ ವರ್ಗಮೂಲದ ಲೆಕ್ಕ ನಿಂತಿರುವುದು ಒಂದು ಷರತ್ತಿನ ಮೇಲೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಹದಿನಾರು ಆಸ್ಪತ್ರೆಗಳ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯಬೇಕು. ಶಾಂತಿಕಾಲದಲ್ಲಿ ಅದು ಸರಿ. ಯುದ್ಧದಲ್ಲಿ ಹದಿನಾರಕ್ಕೂ ಒಂದೇ ದಿನ ಬೇಕು. 2020ರಲ್ಲಿ ಕೋವಿಡ್ ಬಂದಾಗ ಜಗತ್ತಿನ ಆಸ್ಪತ್ರೆಗಳಿಗೆಲ್ಲ ಒಂದೇ ವಾರದಲ್ಲಿ ಮುಖಗವಸು ಬೇಕಾಯಿತು. ಸಗಟು ವ್ಯಾಪಾರಿಯೂ ಬೇರೆಯವರಿಂದ ತರುವವನೇ, ಅವನಲ್ಲೂ ಇರಲಿಲ್ಲ. ವ್ಯಾಪಾರ ನಿರ್ವಹಣೆಯ ಪುಸ್ತಕಗಳನ್ನು ಸೇನೆಗೆ ಹಾಗೆಯೇ ಅನ್ವಯಿಸುವವರು ಎಡವುವುದು ಇಲ್ಲಿಯೇ. ಈ ಕೊರತೆಗೆ ಅಮೆರಿಕ 1990ರ ದಶಕದಲ್ಲಿ ಕಂಡುಕೊಂಡ ದಾರಿ ನನಗೆ ಅವಧಿ ವಿಸ್ತರಣೆಗಿಂತ ಜಾಣತನದ್ದಾಗಿ ತೋರುತ್ತದೆ. ವಾರ್‌ಸ್ಟಾಪರ್ ಎಂಬ ಆ ಕಾರ್ಯಕ್ರಮದಲ್ಲಿ ಸರ್ಕಾರ ಮಾಲನ್ನು ಕೊಳ್ಳುವುದಿಲ್ಲ. ಬೇಕಾದಾಗ ತನಗೇ ಮೊದಲು ಸಿಗುವಂತೆ ತಯಾರಕರಿಗೆ ಶುಲ್ಕ ಕೊಡುತ್ತದೆ, ಪ್ರತಿವಿಷದ ಸಿರಿಂಜಿನಂಥ ಮಾಲಿಗೆ ತಯಾರಿಕಾ ಘಟಕವೇ ಮುಚ್ಚಿಹೋಗದಂತೆ ನೋಡಿಕೊಳ್ಳುತ್ತದೆ. ತಯಾರಕನ ಉಗ್ರಾಣದಲ್ಲಿ ಮಾಲು ಮಾರಾಟವಾಗುತ್ತ ಹೊಸದಾಗುತ್ತಲೇ ಇರುವುದರಿಂದ ದಿನಾಂಕ ಮುಗಿಯುವ ಗೋಜು ಕಡಿಮೆ.

ಸರಪಳಿಯ ಕೊಂಡಿಗಳನ್ನೇ ಕಡಿಮೆ ಮಾಡುವುದು ಇನ್ನೂ ಒಳ್ಳೆಯ ದಾರಿ. ಇದಕ್ಕೆ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಎತ್ತರದಲ್ಲಿ ಹಾರುವ ತೇಜಸ್ ಯುದ್ಧವಿಮಾನದ ಚಾಲಕನಿಗೆ ಸಿಲಿಂಡರ್ ಹೊರುವ ಬದಲು ವಿಮಾನದಲ್ಲೇ ಆಮ್ಲಜನಕ ತಯಾರಿಸುವ ವ್ಯವಸ್ಥೆಯನ್ನು ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ಡೆಬೆಲ್ ರೂಪಿಸಿತ್ತು. ಒತ್ತಡದಲ್ಲಿ ಗಾಳಿಯನ್ನು ಜಿಯೋಲೈಟ್ ಹರಳುಗಳ ಮೂಲಕ ಹಾಯಿಸಿದರೆ ಸಾರಜನಕ ಅವುಗಳ ಮೇಲ್ಮೈಗೆ ಅಂಟಿಕೊಳ್ಳುತ್ತದೆ, ಆಮ್ಲಜನಕ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದರೆ ಸಾರಜನಕ ಬಿಟ್ಟುಕೊಂಡು ಹರಳು ಮತ್ತೆ ಸಿದ್ಧ. 2021ರ ಎರಡನೆಯ ಅಲೆಯಲ್ಲಿ ಇದೇ ತಂತ್ರವನ್ನು ನಿಮಿಷಕ್ಕೆ 1,000 ಲೀಟರ್ ಕೊಡುವ ಆಸ್ಪತ್ರೆ ಘಟಕವಾಗಿ ಮಾಡಲಾಯಿತು. ರೋಗಿಗೆ ನಿಮಿಷಕ್ಕೆ 5 ಲೀಟರಿನಂತೆ 190 ಮಂದಿಗೆ ಅದು ಸಾಕು. ಸೇನೆಗಾಗಿ ಮಾಡಿದ ಖರ್ಚು ಜನರ ಆಸ್ಪತ್ರೆಗೆ ಬಂದ ಬಗೆ ಇದು. ಕೊರತೆಗಳಿಲ್ಲವೇ? ಇವೆ. ವಿದ್ಯುತ್ತು ಹೋದರೆ ಘಟಕ ನಿಂತಿತು. ತೇವ ಸೇರಿದರೆ ಜಿಯೋಲೈಟ್ ಸಪ್ಪೆಯಾಗುತ್ತದೆ, ನೋಡಿಕೊಳ್ಳುವ ತಂತ್ರಜ್ಞ ಬೇಕು. ಸಿಲಿಂಡರಿನ ಲಾರಿ ಇಲ್ಲವಾಯಿತು ನಿಜ, ಅದರ ಜಾಗಕ್ಕೆ ಜನರೇಟರ್ ಮತ್ತು ಬಿಡಿಭಾಗಗಳ ಸರಪಳಿ ಬಂತು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಆಕ್ಷೇಪ. ಡಾಲರಿನಲ್ಲಿ ಅಳೆದದ್ದು ಜೀವದಲ್ಲಿ ಎಷ್ಟು? 2001ರಿಂದ 2011ರವರೆಗಿನ ಯುದ್ಧಗಳಲ್ಲಿ ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ಪರಿಶೀಲಿಸಿ ಸೇನಾ ವೈದ್ಯರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶೇಕಡಾ 87 ಮಂದಿ ಆಸ್ಪತ್ರೆ ತಲುಪುವ ಮೊದಲೇ ಸತ್ತಿದ್ದರು. ಹಾಗೆ ಸತ್ತವರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ, 976 ಮಂದಿ, ಬದುಕಬಹುದಾಗಿದ್ದವರು. ಇವರಲ್ಲಿ ಶೇಕಡಾ 91 ಮಂದಿಯ ಸಾವಿಗೆ ಕಾರಣ ರಕ್ತಸ್ರಾವ. ಅಂದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಬೇಕಿದ್ದದ್ದು ಗೋದಾಮಿನ ಮಾತ್ರೆಯಲ್ಲ. ರಕ್ತ ತಡೆಯುವ ಸಾಧನ ಮತ್ತು ಹೋದ ರಕ್ತವನ್ನು ತುಂಬುವ ವಸ್ತು. ಕೈಕಾಲಿನ ಗಾಯವಾದರೆ ನೈಲಾನ್ ಪಟ್ಟಿ ಕಟ್ಟಿ ಕಡ್ಡಿ ತಿರುಗಿಸಿ ಬಿಗಿಯುವ ಟೂರ್ನಿಕೆ ಸಾಕು. ಆದರೆ ಆ ರಕ್ತಸ್ರಾವಗಳಲ್ಲಿ ಕೈಕಾಲಿನವು ಶೇಕಡಾ 13.5 ಮಾತ್ರ. ಮೂರರಲ್ಲಿ ಎರಡು ಎದೆ ಹೊಟ್ಟೆಗಳ ಒಳಗಿನವು. ಅಲ್ಲಿ ಪಟ್ಟಿ ಕಟ್ಟಲಾಗದು, ಪ್ಲಾಸ್ಮಾ ಬೇಕು, ರಕ್ತ ಬೇಕು. ಸಾಮಾನ್ಯ ಸಂರಕ್ಷಕದಲ್ಲಿ ರಕ್ತದ ಆಯುಷ್ಯ 35 ದಿನ, ಪ್ಲೇಟ್‌ಲೆಟ್ಟಿನದು ಐದೇ ದಿನ, ಪ್ಲಾಸ್ಮಾ ಘನೀಕರಿಸಿ ಇಡಬೇಕು. ಮುಂಚೂಣಿಯ ಬೆಟ್ಟಕ್ಕೆ ಶೀತಕಯಂತ್ರ ಹೊರುವವರು ಯಾರು?

ಇದಕ್ಕೆ ಫ್ರೆಂಚ್ ಸೇನೆ ಹಿಡಿದ ದಾರಿ ಶುದ್ಧ ಭೌತವಿಜ್ಞಾನ. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ, ಒತ್ತಡವನ್ನು ನೀರಿನ ತ್ರಿಕಬಿಂದುವಿನ 611 ಪ್ಯಾಸ್ಕಲ್‌ಗಿಂತ ಕೆಳಕ್ಕಿಳಿಸಿದರೆ ಮಂಜುಗಡ್ಡೆ ಕರಗದೆ ನೇರವಾಗಿ ಆವಿಯಾಗುತ್ತದೆ. ಉಳಿಯುವುದು ಪುಡಿ. ನೀರೇ ಇಲ್ಲದ ಮೇಲೆ ಜಲವಿಭಜನೆ ಎಲ್ಲಿಂದ? ಎರಡು ವರ್ಷ ಕೋಣೆಯ ತಾಪದಲ್ಲೇ ಇಡಬಹುದು, ನೀರು ಬೆರೆಸಿ ಆರು ನಿಮಿಷದೊಳಗೆ ಕೊಡಬಹುದು. ಫ್ರಾನ್ಸ್ ಇದನ್ನು 1994ರಿಂದ ಮಾಡುತ್ತಿದೆ. ಅಮೆರಿಕದ ಔಷಧ ಆಡಳಿತ ತನ್ನ ಸೇನೆಗೆ ಅದರ ತುರ್ತು ಬಳಕೆಯ ಅನುಮತಿ ಕೊಟ್ಟದ್ದು 2018ರಲ್ಲಿ. ಮಾತ್ರೆಯ ದಿನಾಂಕ ವಿಸ್ತರಿಸಲು 1986ರಲ್ಲೇ ಕೈಕೂಡಿಸಿದ್ದ ಅದೇ ಎರಡು ಇಲಾಖೆಗಳು ಇವು. ಉಳಿಸಿದ ಕೋಟಿಗಳಲ್ಲಿ ಒಂದು ಪಾಲು, ಆ ಹುರುಪಿನಲ್ಲಿ ಅರ್ಧ ಪಾಲು ಈ ಪುಡಿಯ ಕಡೆ ಮೊದಲೇ ಹರಿದಿದ್ದರೆ ಎಂದು ಅಂಕಿಗಳನ್ನು ನೋಡುವಾಗ ಅನ್ನಿಸದೆ ಇರದು. ಪುಡಿ ದುಬಾರಿ ಎಂಬುದು ಗೊತ್ತು. ದುಬಾರಿ ಯಾವುದಕ್ಕೆ ಹೋಲಿಸಿದರೆ?

ಮೇಷ್ಟ್ರ ಪೆಟ್ಟಿಗೆಯ ಕಥೆ ಬಾಕಿಯಿದೆ. ಸೇನೆಯ ಲೆಕ್ಕ ಶಾಲೆಗೆ ಹೊಂದುವುದಿಲ್ಲ ಎಂದು ಅವರಿಗೆ ಫೋನಿನಲ್ಲಿ ಹೇಳಿದೆ. ಪರೀಕ್ಷೆಗೆಂದು ತೆಗೆದ ಮಾತ್ರೆ ಪರೀಕ್ಷೆಯಲ್ಲೇ ಮುಗಿಯುತ್ತದೆ. ಲಕ್ಷ ಮಾತ್ರೆಗಳ ಬ್ಯಾಚಿಗೆ ಆ ಖರ್ಚು ಏನೂ ಅಲ್ಲ, ಎರಡು ಪಟ್ಟಿ ಮಾತ್ರೆಗೆ ಮಾತ್ರೆಯ ಬೆಲೆಗಿಂತ ಪರೀಕ್ಷೆಯ ಬೆಲೆಯೇ ಹೆಚ್ಚು. ನಮ್ಮ 1945ರ ಔಷಧ ನಿಯಮಗಳಲ್ಲಿ ಅವಧಿ ಮುಗಿದ ಔಷಧವನ್ನು ಮಾರುವಂತೆಯೂ ಇಲ್ಲ. ಬದಲಿಗೆ ಪೆಟ್ಟಿಗೆ ಇಟ್ಟಿರುವ ಕೋಣೆಯಲ್ಲಿ ಗರಿಷ್ಠ-ಕನಿಷ್ಠ ಥರ್ಮಾಮೀಟರು ತೂಗುಹಾಕಿ ಒಂದು ತಿಂಗಳು ಮಕ್ಕಳಿಂದ ಬರೆಸಿ ಎಂದೆ. ಬರೆಸಿದರು. ತಗಡಿನ ಚಾವಣಿಯ ಕೋಣೆ, ಏಪ್ರಿಲ್ ತಿಂಗಳು. ರಾತ್ರಿ 25, ಹಗಲು 41ರ ಸುತ್ತಮುತ್ತ. ಅರ್ಧ ದಿನ ಅದು, ಅರ್ಧ ದಿನ ಇದು ಎಂದು ಸರಳ ಮಾಡಿಕೊಂಡು ಹತ್ತನೆಯ ತರಗತಿಯವರು ಸರಾಸರಿ 33 ಎಂದರು. ಚಲನ ತಾಪದ ಲೆಕ್ಕ ಹಾಕಲು ಲಘುಗಣಕ ಬೇಕು, ಅದನ್ನು ಪಕ್ಕದ ಪಿಯು ಕಾಲೇಜಿನ ಹುಡುಗಿಯೊಬ್ಬಳು ಮಾಡಿಕೊಟ್ಟಳು: 36 ಡಿಗ್ರಿ. 25 ಡಿಗ್ರಿಯಲ್ಲಿ ಕೆಡುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ವೇಗ. ಹೊಸದಾಗಿ ಕೊಂಡ ಔಷಧವೂ ಆ ಕೋಣೆಯಲ್ಲಿ ತನ್ನ ದಿನಾಂಕ ಮುಟ್ಟುತ್ತದೆಂಬ ಭರವಸೆ ಇಲ್ಲ. ಪೆಟ್ಟಿಗೆ ಈಗ ಮುಖ್ಯೋಪಾಧ್ಯಾಯರ ಕೋಣೆಯ ಒಳಗೋಡೆಯ ಗೂಡಿನಲ್ಲಿದೆ. ಥರ್ಮಾಮೀಟರನ್ನೂ ಅಲ್ಲಿಗೇ ಸಾಗಿಸಿದ್ದಾರೆ, ಜೂನ್ ತಿಂಗಳ ಅಂಕಿಗಳು ಇನ್ನೂ ಬರಬೇಕು.